ಕೈಗಡಿಯಾರಕ್ಕೆ ಹೊಟ್ಟೆಯೇ ಕಣ್ಣು

ಪ್ರಯೋಗಾಲಯದ ಶೆಲ್ಫಿನಲ್ಲಿ ಹಸಿರು ನೀರು ತುಂಬಿದ ಫ್ಲಾಸ್ಕುಗಳು. ಅವುಗಳ ಪಾಲಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಒಂದೇ ಸಮನೆ ಉರಿಯುವ ದೀಪ ಮಾತ್ರ. ಒಳಗಿರುವ ಬ್ಯಾಕ್ಟೀರಿಯಾಗಳು ಮಾತ್ರ ಆ ದೀಪವನ್ನು ನಂಬಿ ಕೂತಿಲ್ಲ. ಹೆಚ್ಚುಕಡಿಮೆ 24 ಗಂಟೆಗೆ ಒಂದು ಸುತ್ತಿನಂತೆ ತಮ್ಮ ಪಾಡಿಗೆ ತಾವು ಹಗಲು ರಾತ್ರಿಗಳ ಲೆಕ್ಕ ಇಡುತ್ತಲೇ ಇರುತ್ತವೆ. ಈಗ ಒಂದು ಫ್ಲಾಸ್ಕನ್ನು ಐದು ಗಂಟೆ ಕತ್ತಲಲ್ಲಿಟ್ಟು ಮತ್ತೆ ಬೆಳಕಿಗೆ ತನ್ನಿ. ಕತ್ತಲು ಕಾಣದ ಪಕ್ಕದ ಫ್ಲಾಸ್ಕಿನ ಜೊತೆ ಹೋಲಿಸಿದರೆ ಇದರ ಲೆಕ್ಕ ಹಲವು ಗಂಟೆ ಸರಿದಿರುತ್ತದೆ. ಆದರೆ ಯಾವಾಗ ಕತ್ತಲು ಮಾಡಿದರೂ ಹೀಗೇ ಆಗುತ್ತದೆ ಎಂದೇನಿಲ್ಲ. ಬ್ಯಾಕ್ಟೀರಿಯಾ 'ಈಗ ಹಗಲು' ಎಂದುಕೊಂಡಿದ್ದಾಗ ದೀಪ ಆರಿಸಿದರೆ ಗಡಿಯಾರ ಜರುಗುತ್ತದೆ. 'ಈಗ ರಾತ್ರಿ' ಎಂದುಕೊಂಡಿದ್ದಾಗ ಅದೇ ಐದು ಗಂಟೆ ಕತ್ತಲು ಕೊಟ್ಟರೆ ಕ್ಯಾರೇ ಅನ್ನುವುದಿಲ್ಲ.

ಪ್ರಕರಣ ಇಷ್ಟೇ: ಕತ್ತಲಾದ ಸುದ್ದಿಯನ್ನು ಈ ಗಡಿಯಾರಕ್ಕೆ ಮುಟ್ಟಿಸಿದ್ದು ಯಾರು? ನಮಗಾದರೆ ಕಣ್ಣಿದೆ, ಕಣ್ಣಿನಿಂದ ಮಿದುಳಿಗೆ ನರವಿದೆ. ಇದು ಮಿಲಿಮೀಟರಿನ ಕೆಲವೇ ಸಾವಿರದ ಒಂದು ಪಾಲಿನಷ್ಟು ಉದ್ದದ ಒಂದು ಕಡ್ಡಿ. ಹೆಸರು ಸಿನೆಕೊಕಾಕಸ್ ಇಲಾಂಗೇಟಸ್. ಸಿಹಿನೀರಿನ ಜೀವಿ, ಕೆರೆಯ ನೀರಿನ ಮೇಲೆ ಕೆನೆಗಟ್ಟುವ ನೀಲಿ-ಹಸಿರು ಪಾಚಿಯ ಬಳಗದ್ದು. ಬಾಯಿಮಾತಿಗೆ ಪಾಚಿ ಎನ್ನುತ್ತೇವೆಯೇ ಹೊರತು ಇವು ಬ್ಯಾಕ್ಟೀರಿಯಾಗಳೇ, ಸೈನೋಬ್ಯಾಕ್ಟೀರಿಯಾಗಳು. ಗಿಡಗಳಂತೆ ದ್ಯುತಿಸಂಶ್ಲೇಷಣೆ ಮಾಡಿ, ನೀರನ್ನು ಒಡೆದು ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾಗಳು.

ಇರಲೇಬಾರದಿದ್ದ ಗಡಿಯಾರ

1980ರ ದಶಕದ ನಡುವಿನವರೆಗೆ ಈ ಪ್ರಶ್ನೆಯನ್ನು ಕೇಳಿದ್ದರೆ ಜೀವವಿಜ್ಞಾನಿಗಳು ನಗುತ್ತಿದ್ದರೇನೋ. ದಿನದ ಗಡಿಯಾರ ಎಂಬುದು ನ್ಯೂಕ್ಲಿಯಸ್ ಇರುವ ಜೀವಕೋಶಗಳ ಸೊತ್ತು ಎಂಬುದು ಆಗಿನ ನಂಬಿಕೆ. ಅದಕ್ಕೊಂದು ತರ್ಕವೂ ಇತ್ತು. ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಿಗೊಮ್ಮೆ ಒಡೆದು ಎರಡಾಗುತ್ತದೆ. ಸಂಜೆಯ ಹೊತ್ತಿಗೆ ಬೆಳಗಿನ ಕೋಶವೇ ಉಳಿದಿರದ ಮೇಲೆ ಅದಕ್ಕೆ 24 ಗಂಟೆಯ ಲೆಕ್ಕವೇಕೆ?

ಈ ನಂಬಿಕೆಗೆ ಮೊದಲು ಪೆಟ್ಟು ಕೊಟ್ಟದ್ದು ಭತ್ತದ ಗದ್ದೆ. ತೈವಾನಿನ ಸಂಶೋಧಕರು ಅಲ್ಲಿನ ಗದ್ದೆಯ ಸೈನೋಬ್ಯಾಕ್ಟೀರಿಯಾ ಒಂದನ್ನು, ಆರ್‌ಎಫ್-1 ಎಂಬ ತಳಿಯನ್ನು, ಪರೀಕ್ಷಿಸುತ್ತಿದ್ದರು. ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಗುಣ ಇದಕ್ಕಿದೆ. ನಮ್ಮ ಗದ್ದೆಗಳಿಗೂ ನೀಲಿ-ಹಸಿರು ಪಾಚಿಯನ್ನು ಜೈವಿಕ ಗೊಬ್ಬರವೆಂದು ಹಾಕುವುದು ಇದೇ ಗುಣಕ್ಕಾಗಿ. ತೊಡಕೆಂದರೆ ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ವಿಷ, ದ್ಯುತಿಸಂಶ್ಲೇಷಣೆಯೋ ಆಮ್ಲಜನಕವನ್ನೇ ಉಗುಳುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಎರಡೂ ಕೆಲಸ ಒಟ್ಟಿಗೆ ಆಗದು. ಆರ್‌ಎಫ್-1 ಪಾಳಿ ಮಾಡಿಕೊಂಡಿತ್ತು: ಹಗಲು ಒಂದು, ರಾತ್ರಿ ಇನ್ನೊಂದು. ಸದಾ ಬೆಳಕಿನಲ್ಲಿಟ್ಟರೂ ಪಾಳಿ ತಪ್ಪಲಿಲ್ಲ. 1986ರಲ್ಲಿ ಈ ವಿಷಯ ಪ್ರಕಟವಾಯಿತು.

ನಂಬದವರನ್ನು ನಂಬಿಸಲು ಇನ್ನೂ ಏಳು ವರ್ಷ ಬೇಕಾಯಿತು. 1993ರಲ್ಲಿ ತಕಾವೊ ಕೊಂಡೊ, ಕಾರ್ಲ್ ಜಾನ್ಸನ್, ಸೂಸನ್ ಗೋಲ್ಡನ್, ಮಸಾಹಿರೊ ಇಶಿಯುರಾ ಮತ್ತು ಜೊತೆಗಾರರು ಸಿನೆಕೊಕಾಕಸ್‌ನ ಒಂದು ಜೀನಿನ ಸ್ವಿಚ್ಚಿಗೆ, ಕತ್ತಲಲ್ಲಿ ಮಿನುಗುವ ಬ್ಯಾಕ್ಟೀರಿಯಾಗಳ ಜೀನುಗಳನ್ನು ಜೋಡಿಸಿದರು. ಸ್ವಿಚ್ಚು ಏರಿದಾಗ ಕೋಶ ಹೊಳೆಯುತ್ತದೆ, ಇಳಿದಾಗ ಮಂಕಾಗುತ್ತದೆ. ದಿನಕ್ಕೊಮ್ಮೆ ಏರಿಳಿಯುವ ಹೊಳಪನ್ನು ಯಂತ್ರವೇ ಬರೆದುಕೊಳ್ಳತೊಡಗಿತು. ಅಲ್ಲಿಂದ ಮುಂದೆ ಕೆಲಸ ಸುಲಭ: ಸಾವಿರಾರು ಕಾಲೊನಿಗಳ ಹೊಳಪು ನೋಡುತ್ತ ಕೂತರೆ ತಾಳ ತಪ್ಪಿದ ಮ್ಯುಟೆಂಟುಗಳು, ಅಂದರೆ ಜೀನು ಬದಲಾದ ತಳಿಗಳು, ತಾವಾಗಿಯೇ ಸಿಗುತ್ತವೆ. ಮರುವರ್ಷವೇ ಸಿಕ್ಕವು. ಒಂದರ ದಿನ 16 ಗಂಟೆಯದು, ಇನ್ನೊಂದರದು 60 ಗಂಟೆಯದು. ಅವುಗಳ ಜಾಡು ಹಿಡಿದು ಹೋದಾಗ 1998ರಲ್ಲಿ ಪಕ್ಕಪಕ್ಕದಲ್ಲಿ ಕೂತ ಮೂರು ಜೀನುಗಳು ಕೈಗೆ ಬಂದವು. ಹೆಸರು ಕೈ-ಎ, ಕೈ-ಬಿ, ಕೈ-ಸಿ.

ಜಪಾನಿನಲ್ಲಿ ಈ 'ಕೈ' ಎಂದರೆ ಸುತ್ತು, ಆವರ್ತ. ಆದರೆ ಕನ್ನಡದ ಕಿವಿಗೆ ಇದು ಕೈಗಡಿಯಾರವಲ್ಲದೆ ಮತ್ತೇನು?

ಹೊಂದಿಕೆ ಏಕೆ ಮುಖ್ಯ

ಅದೇ 1998ರಲ್ಲಿ ಬಂದ ಇನ್ನೊಂದು ಪ್ರಯೋಗವನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಸುಮಾರು 23 ಗಂಟೆಯ ದಿನದ ಒಂದು ತಳಿ, 25 ಗಂಟೆಯ ಮೂಲ ತಳಿ, 30 ಗಂಟೆಯ ಇನ್ನೊಂದು ತಳಿ. ಬೇರೆಬೇರೆ ಬೆಳೆಸಿದರೆ ಮೂರೂ ಒಂದೇ ವೇಗದಲ್ಲಿ ಬೆಳೆಯುತ್ತವೆ. ಜೋಡಿ ಮಾಡಿ ಒಂದೇ ಫ್ಲಾಸ್ಕಿಗೆ ಹಾಕಿ, 11 ಗಂಟೆ ಬೆಳಕು 11 ಗಂಟೆ ಕತ್ತಲಿನ ಕೃತಕ ದಿನದಲ್ಲಿಟ್ಟರೆ ಕೆಲವು ವಾರಗಳಲ್ಲಿ 23 ಗಂಟೆಯದು ಉಳಿದದ್ದನ್ನು ಹಿಂದೆ ಹಾಕಿತು. 15 ಗಂಟೆ ಬೆಳಕು, 15 ಗಂಟೆ ಕತ್ತಲು ಕೊಟ್ಟಾಗ 30 ಗಂಟೆಯದು ಗೆದ್ದಿತು. ಅಂದರೆ 'ಸರಿಯಾದ ಗಡಿಯಾರ', 'ಕೆಟ್ಟ ಗಡಿಯಾರ' ಎಂಬ ಮಾತಿಗೆ ಅರ್ಥವೇ ಇಲ್ಲ. ಹೊರಗಿನ ದಿನಕ್ಕೆ ಹೊಂದಿಕೊಂಡದ್ದು ಬದುಕುತ್ತದೆ, ಅಷ್ಟೆ. 2004ರಲ್ಲಿ ಗಡಿಯಾರವೇ ನಿಂತುಹೋದ ತಳಿಯನ್ನೂ ಇಂಥದೇ ಸ್ಪರ್ಧೆಗೆ ಬಿಟ್ಟರು. ಹಗಲು ರಾತ್ರಿ ಇದ್ದಾಗ ಅದು ಸೋತಿತು. ಸದಾ ಬೆಳಕಿನಲ್ಲಿ ಮಾತ್ರ ಗಡಿಯಾರ ಇರುವವರಿಗಿಂತ ಅದರದೇ ಕೈ ತುಸು ಮೇಲಾಯಿತು. ರಾತ್ರಿಯೇ ಇಲ್ಲದ ಊರಿನಲ್ಲಿ ಗಡಿಯಾರ ಹೊತ್ತು ತಿರುಗುವುದು ವ್ಯರ್ಥ ಭಾರ.

ಪ್ರನಾಳದಲ್ಲಿ ಮೂರು ಕೈ

ಕತ್ತಲಿನ ಸುದ್ದಿ ಎಲ್ಲಿ ಬಂದು ತಟ್ಟುತ್ತದೆ ಎಂದು ತಿಳಿಯಬೇಕಾದರೆ ಗಡಿಯಾರದ ಒಳಗಿನ ಹಲ್ಲುಚಕ್ರಗಳನ್ನು ನೋಡಬೇಕು. ಇದನ್ನು ತೆರೆದು ತೋರಿಸಿದ್ದು ಕೊಂಡೊ ಅವರ ನಗೋಯಾ ತಂಡ. 2005ರಲ್ಲಿ ಅವರು ಮೂರು ಕೈ ಪ್ರೋಟೀನುಗಳನ್ನು ಶುದ್ಧಮಾಡಿ, ಜೀವಕೋಶಗಳ ಇಂಧನ ಅಣುವಾದ ಎಟಿಪಿಯ ಜೊತೆ ಪ್ರನಾಳಕ್ಕೆ ಹಾಕಿದರು. ಕೋಶವಿಲ್ಲ, ಡಿಎನ್‌ಎ ಇಲ್ಲ, ಬೆಳಕಿನ ಹಂಗೂ ಇಲ್ಲ. ಆ ನೀರಿನಂಥ ದ್ರವದಲ್ಲಿ ಕೈ-ಸಿಗೆ ಫಾಸ್ಫೇಟು ಅಂಟುವುದು, ಬಿಡುವುದು 24 ಗಂಟೆಗೊಮ್ಮೆ ದಿನಗಟ್ಟಲೆ ಏರಿಳಿಯಿತು. ಬಿಸಿ ಮಾಡಿದರೂ ಓಡಲಿಲ್ಲ, ತಂಪು ಮಾಡಿದರೂ ನಿಧಾನಿಸಲಿಲ್ಲ. ಜೀವವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಬೆರಗಿನ ಪ್ರಯೋಗಗಳು ಹೆಚ್ಚಿಲ್ಲ ಎಂಬುದು ನನ್ನ ಎಣಿಕೆ. ಅಲ್ಲಿಯವರೆಗೆ ಗಡಿಯಾರವೆಂದರೆ ಜೀನುಗಳು ಒಂದನ್ನೊಂದು ಹಚ್ಚಿ ಆರಿಸುವ ಚಕ್ರ ಎಂದೇ ಪಾಠ ಹೇಳಲಾಗುತ್ತಿತ್ತು.

ಚಕ್ರ ತಿರುಗುವ ಬಗೆ ಹೀಗೆ. ಆರು ಕೈ-ಸಿಗಳು ಸೇರಿ ಒಂದು ಉಂಗುರ. ಹಗಲಿನಲ್ಲಿ ಕೈ-ಎ ಬಂದು ಉಂಗುರದ ಬಾಲವನ್ನು ಹಿಡಿದುಕೊಳ್ಳುತ್ತದೆ. ಆಗ ಕೈ-ಸಿ ಎಟಿಪಿಯಿಂದ ಫಾಸ್ಫೇಟು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಪ್ರೋಟೀನಿನ ಸರಪಳಿಯಲ್ಲಿ ಮೊದಲು 432ನೇ ಸ್ಥಾನದ ಥ್ರಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ, ಆಮೇಲೆ 431ರ ಸೆರೀನ್‌ಗೆ. ಸಂಜೆಯ ಹೊತ್ತಿಗೆ ಎರಡೂ ಕಡೆ ಭರ್ತಿ. ಆಗ ಕೈ-ಬಿಯ ಸರದಿ. ಅದು ತನ್ನ ಮಡಿಕೆಯನ್ನೇ ಬದಲಿಸಿ, ಬೇರೆಯೇ ಆಕಾರ ತಾಳಿ ಉಂಗುರಕ್ಕೆ ಕಚ್ಚಿಕೊಳ್ಳುತ್ತದೆ, ಕಚ್ಚಿಕೊಂಡು ಕೈ-ಎಯನ್ನು ಕಟ್ಟಿಹಾಕುತ್ತದೆ. ಪ್ರಚೋದಿಸುವವನು ಬಂದಿಯಾದ ಮೇಲೆ ರಾತ್ರಿಯಿಡೀ ಫಾಸ್ಫೇಟುಗಳು ಉದುರುತ್ತವೆ: ಮೊದಲು 432, ಆಮೇಲೆ 431. ಬೆಳಗಾಗುವಾಗ ಎಲ್ಲ ಖಾಲಿ, ಕೈ-ಎಗೆ ಬಿಡುಗಡೆ, ಮತ್ತೆ ಮೊದಲಿನಿಂದ. ಇಷ್ಟಕ್ಕೆಲ್ಲ ಒಂದು ಕೈ-ಸಿ ಅಣು ದಿನಕ್ಕೆ ಖರ್ಚು ಮಾಡುವ ಎಟಿಪಿ ಸುಮಾರು 15. ಸೆಕೆಂಡಿಗೆ ನೂರು, ಸಾವಿರ ಅಣುಗಳನ್ನು ಕತ್ತರಿಸುವ ಕಿಣ್ವಗಳ ನಡುವೆ ಇದು ಬಸವನಹುಳು.

ಕಣ್ಣಿನಂತೆ ಕಂಡದ್ದು

ಸಿನೆಕೊಕಾಕಸ್ ಕತ್ತಲನ್ನು ಗುರುತಿಸುವುದು ಬೆಳಕು ಹಿಡಿಯುವ ಯಾವುದೋ ಪ್ರೋಟೀನಿನಿಂದ ಇರಬೇಕು ಎಂದು ಯಾರಿಗಾದರೂ ಮೊದಲು ಅನ್ನಿಸುತ್ತದೆ. ಗಿಡ, ನೊಣ, ಇಲಿ, ಎಲ್ಲವುಗಳ ಗಡಿಯಾರಕ್ಕೂ ಅಂಥ ಪ್ರೋಟೀನುಗಳಿವೆ. 2000ದಲ್ಲಿ ಗೋಲ್ಡನ್ ಅವರ ತಂಡಕ್ಕೆ ಸಿಕ್-ಎ ಸಿಕ್ಕಿದಾಗ ಹುಡುಕಾಟ ಮುಗಿದಂತೆಯೇ ಕಂಡಿತು. ಈ ಜೀನ್ ಕೆಟ್ಟ ಬ್ಯಾಕ್ಟೀರಿಯಾಗೆ ಐದು ಗಂಟೆ ಕತ್ತಲು ಕೊಟ್ಟರೆ ಗಡಿಯಾರ ಬಹುಮಟ್ಟಿಗೆ ಕದಲುವುದೇ ಇಲ್ಲ. ಅದರ ಪ್ರೋಟೀನಿನ ರಚನೆಯೂ ಗಿಡಗಳ ಬೆಳಕುಗ್ರಾಹಿ ಫೈಟೋಕ್ರೋಮಿನ ಬಂಧುವಿನಂತಿತ್ತು.

ಹತ್ತಿರ ಹೋಗಿ ನೋಡಿದಾಗ ಬಂಧುತ್ವ ಹೆಸರಿಗಷ್ಟೇ ಎಂದಾಯಿತು. ಫೈಟೋಕ್ರೋಮಿಗೆ ಬೆಳಕು ಕಾಣುವುದು ಅದಕ್ಕೆ ಅಂಟಿಕೊಂಡ ಬಣ್ಣದ ಅಣುವಿನಿಂದ. ಆ ಬಣ್ಣ ಅಂಟಲು ಬೇಕಾದ ಸಿಸ್ಟೀನ್ ಎಂಬ ಅಮೈನೋ ಆಮ್ಲ ಸಿಕ್-ಎಯ ಆ ಜಾಗದಲ್ಲಿ ಇಲ್ಲ. ಚೌಕಟ್ಟು ಕನ್ನಡಕದ್ದು, ಗಾಜು ಇಲ್ಲ. ಮುಂದೆ ಬಂದ ರಚನೆಗಳ ಅಧ್ಯಯನದಲ್ಲಿ ಅದರ ಇನ್ನೊಂದು ಕೆಲಸವೂ ಬಯಲಾಯಿತು: ಕೈ-ಎ ಕೂರುವ ಜಾಗಕ್ಕೇ ಪೈಪೋಟಿ ಮಾಡುತ್ತ, ರಾತ್ರಿಯ ಉಂಗುರಕ್ಕೆ ತಾನೂ ಬಂದು ಕೂರುತ್ತದೆ. ಬಾಗಿಲಲ್ಲಿ ನಿಂತ ಕಾವಲುಗಾರ ಎಂದುಕೊಂಡಿದ್ದವನು ಮನೆಯವನೇ ಆಗಿದ್ದ.

ತಾಳ ಹಾಕುವ ಹೊಟ್ಟೆ

ಹೊಟ್ಟೆ ಹಸಿದರೆ ನಾವು 'ಹೊಟ್ಟೆ ತಾಳ ಹಾಕುತ್ತಿದೆ' ಎನ್ನುತ್ತೇವೆ. 2011ರಲ್ಲಿ ಮೈಕೆಲ್ ರಸ್ಟ್, ಸೂಸನ್ ಗೋಲ್ಡನ್ ಮತ್ತು ಎರಿನ್ ಓಶೀ ಪ್ರಕಟಿಸಿದ ಉತ್ತರ ಹೆಚ್ಚುಕಡಿಮೆ ಇದೇ.

ಸಿನೆಕೊಕಾಕಸ್‌ಗೆ ಬೆಳಕೇ ಊಟ. ದೀಪ ಆರಿದರೆ ಕೋಶದಲ್ಲಿ ಎಟಿಪಿ ತಯಾರಿಕೆ ಕುಸಿಯುತ್ತದೆ, ಖರ್ಚು ಪೂರ್ತಿ ನಿಲ್ಲುವುದಿಲ್ಲ. ಖರ್ಚಾದ ಎಟಿಪಿ ಎಡಿಪಿಯಾಗಿ ಉಳಿಯುತ್ತದೆ. ಹಾಗಾಗಿ ಕತ್ತಲಿನ ಗಂಟೆಗಳು ಕಳೆದಂತೆ ಎಟಿಪಿಯ ಪಾಲು ಮೆಲ್ಲಗೆ ಇಳಿಯುತ್ತದೆ, ಎಡಿಪಿಯ ಪಾಲು ಏರುತ್ತದೆ. ಬೆಳಕು ಬಂದೊಡನೆ ತಕ್ಕಡಿ ಮತ್ತೆ ಮೊದಲಿನಂತೆ. ಇನ್ನು ಕೈ-ಸಿಯನ್ನು ನೆನೆಯಿರಿ. ಅದು ಫಾಸ್ಫೇಟು ಕೀಳುವುದು ಎಟಿಪಿಯಿಂದಲೇ. ಎಡಿಪಿ ಹೆಚ್ಚಾದರೆ ಅದೇ ಗೂಡಿನಲ್ಲಿ ಎಡಿಪಿ ಹೋಗಿ ಕೂತು ಕೆಲಸಕ್ಕೆ ಅಡ್ಡಿಯಾಗುತ್ತದೆ. ಕತ್ತಲಿನ ಸುದ್ದಿ ತರಲು ಬೇರೆ ದೂತನೇ ಬೇಕಿಲ್ಲ. ಗಡಿಯಾರ ಉಣ್ಣುವ ಅನ್ನವೇ ಸುದ್ದಿ.

ಇದನ್ನು ಅವರು ಪ್ರನಾಳದಲ್ಲೇ ಮಾಡಿ ತೋರಿಸಿದರು. ಮೂರು ಕೈಗಳ ಗಡಿಯಾರ ನಡೆಯುತ್ತಿರುವಾಗ ಎಡಿಪಿ ಸುರಿದರು: ಅದು 'ಸಂಜೆ'. ಕೆಲವು ಗಂಟೆ ಕಳೆದ ಮೇಲೆ ಎಡಿಪಿಯನ್ನು ಮತ್ತೆ ಎಟಿಪಿಯಾಗಿಸುವ ಕಿಣ್ವವನ್ನು ಅದರ ಇಂಧನದೊಂದಿಗೆ ಹಾಕಿದರು: ಅದು 'ಬೆಳಗು'. ಬೆಳಕಿನ ಒಂದು ಕಿರಣವೂ ಬೇಕಾಗದೆ ಗಡಿಯಾರ ಸರಿಯಿತು. ಅದೂ ಹೊತ್ತು ನೋಡಿ ಸರಿಯಿತು. ಫಾಸ್ಫೇಟು ಅಂಟುವ ಹಗಲಿನ ಹೊತ್ತಿನಲ್ಲಿ ಎಡಿಪಿ ಕೊಟ್ಟಾಗ ದೊಡ್ಡ ಜಿಗಿತ, ಉದುರುವ ರಾತ್ರಿಯ ಹೊತ್ತಿನಲ್ಲಿ ಕೊಟ್ಟಾಗ ಹೆಚ್ಚೇನೂ ಇಲ್ಲ. ಮೊದಲಿಗೆ ಕಂಡ ಆ ವಿಚಿತ್ರಕ್ಕೆ ಕಾರಣ ಇಲ್ಲಿದೆ. ರಾತ್ರಿ ಕೈ-ಎ ಹೇಗೂ ಬಂದಿಯಾಗಿರುತ್ತದೆ, ಕೈ-ಸಿ ಫಾಸ್ಫೇಟು ಅಂಟಿಸಿಕೊಳ್ಳುವ ಕೆಲಸಕ್ಕೇ ಇಳಿದಿರುವುದಿಲ್ಲ. ಮಾಡದ ಕೆಲಸಕ್ಕೆ ಎಡಿಪಿ ಅಡ್ಡಿ ಮಾಡುವುದಾದರೂ ಹೇಗೆ?

ಆದರೆ ಎಟಿಪಿ ಇಳಿಯುವುದು ನಿಧಾನವಾಗಿ. ದೀಪ ಆರಿದ ಮರುಕ್ಷಣದ ಸುದ್ದಿ ಅದರಿಂದ ಸಿಗದು. ಮರುವರ್ಷ ಗೋಲ್ಡನ್ ಅವರ ಬಳಗ ಇನ್ನೊಂದು ದಾರಿಯನ್ನು ತೋರಿಸಿತು. ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನುಗಳನ್ನು ಕೈಯಿಂದ ಕೈಗೆ ದಾಟಿಸುವ ಕ್ವಿನೋನ್ ಎಂಬ ಹಮಾಲಿಗಳಿವೆ. ಬೆಳಕಿರುವಾಗ ಅವುಗಳ ತಲೆ ಮೇಲೆ ಹೊರೆ. ಬೆಳಕು ಹೋದೊಡನೆ ಹೊರೆ ಇಳಿಸಿ, ಹೊಸದು ಬಾರದೆ, ಸ್ವಲ್ಪ ಹೊತ್ತು ಬರಿದೆ ನಿಲ್ಲುತ್ತವೆ. ಆಮೇಲೆ ಉಸಿರಾಟದ ಎಲೆಕ್ಟ್ರಾನುಗಳು ಬಂದು ಮತ್ತೆ ಹೊರೆ ಹೊರಿಸುತ್ತವೆ. ಹೊರೆ ಇಲ್ಲದ, ಅಂದರೆ ಉತ್ಕರ್ಷಿತ ಕ್ವಿನೋನ್ ಕೈ-ಎಗೆ ಅಂಟಿಕೊಂಡು ಅದರ ಕೈಕಟ್ಟುತ್ತದೆ. ಸಿಕ್-ಎಗೂ ಅದು ಅಂಟುತ್ತದೆ. ಪ್ರನಾಳದ ಗಡಿಯಾರಕ್ಕೆ ಇಂಥ ಕ್ವಿನೋನ್ ಹಾಕಿದರೂ ಅದು ಸರಿಯುತ್ತದೆ. ಒಟ್ಟಿನಲ್ಲಿ 'ಕತ್ತಲು ಬಿತ್ತು' ಎಂದು ಕೂಗುವುದು ಕ್ವಿನೋನ್, 'ಬಿದ್ದು ಇಷ್ಟು ಹೊತ್ತಾಯಿತು' ಎಂದು ಲೆಕ್ಕ ಕೊಡುವುದು ಎಡಿಪಿ. ಎರಡೂ ಊಟದ ವಿಷಯವೇ, ನೋಟದ ವಿಷಯವಲ್ಲ.

ಇಷ್ಟಾದರೂ ಒಂದು ಅನುಮಾನ ಉಳಿಯಿತು. ಜೀವಂತ ಕೋಶದಲ್ಲಿ ಬೆಳಕು ಮತ್ತು ಊಟ ಎರಡೂ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಹೋಗುತ್ತವೆ. ಯಾರಿಗೂ ಕಾಣದ ಒಂದು ಕಣ್ಣು ಎಲ್ಲೋ ಮೂಲೆಯಲ್ಲಿ ಇಲ್ಲವೆಂದು ಹೇಗೆ ಹೇಳುವುದು? ಬೆಳಕಿಲ್ಲದೆ ಊಟ ಹಾಕಿ ನೋಡಬೇಕು. ಸಿನೆಕೊಕಾಕಸ್ ಸಕ್ಕರೆ ತಿನ್ನುವುದಿಲ್ಲ, ಅದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೇ ಅದಕ್ಕಿಲ್ಲ. ಅಷ್ಟರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದಿದ್ದ ರಸ್ಟ್ ಅವರ ತಂಡ ಹೊರಗಿನ ಜೀನೊಂದನ್ನು ತಂದು ಗ್ಲೂಕೋಸಿನ ಬಾಗಿಲು ಕೂರಿಸಿತು. ಈಗ ಬ್ಯಾಕ್ಟೀರಿಯಾ ಕತ್ತಲಲ್ಲೂ ಉಣ್ಣಬಲ್ಲದು. ಕಗ್ಗತ್ತಲಲ್ಲಿಟ್ಟು ಹೊತ್ತು ಹೊತ್ತಿಗೆ ಗ್ಲೂಕೋಸ್ ಕೊಟ್ಟರು. ಗಡಿಯಾರ ಆ ಊಟದ ಹೊತ್ತಿಗೆ ಹೊಂದಿಕೊಂಡಿತು. 2015ರ ಈ ಪ್ರಯೋಗವೇ ಇಡೀ ಪ್ರಕರಣದ ತೀರ್ಪು ಎಂದು ನಾನು ಎಣಿಸುತ್ತೇನೆ. ಉಳಿದವು ಸಾಕ್ಷಿಗಳು.

ಮೋಡ ಕವಿದ ಮಧ್ಯಾಹ್ನಗಳಲ್ಲಿ ಹೊಟ್ಟೆ ನಂಬಿದ ಗಡಿಯಾರ ಮೋಸ ಹೋಗದೆ? ಅದಕ್ಕೆ ಸಿನೆಕೊಕಾಕಸ್ ಬಳಿ ಬುತ್ತಿಯಿದೆ. ಹಗಲಿನ ಗಳಿಕೆಯಲ್ಲಿ ಒಂದಷ್ಟನ್ನು ಗ್ಲೈಕೋಜೆನ್ ಆಗಿ ಕೂಡಿಟ್ಟು ರಾತ್ರಿ ಬಿಚ್ಚುತ್ತದೆ. ಕೂಡಿಡುವ ಹೊತ್ತನ್ನು ಹೇಳುವುದೂ ಈ ಗಡಿಯಾರವೇ. ಗ್ಲೈಕೋಜೆನ್ ಮಾಡಲಾರದ ಮ್ಯುಟೆಂಟುಗಳಲ್ಲಿ ಕತ್ತಲಾದಾಗ ಎಟಿಪಿ ಇನ್ನಷ್ಟು ಕುಸಿಯುತ್ತದೆ, ಗಡಿಯಾರವೂ ಹೆಚ್ಚು ಜೋಲಿ ಹೊಡೆಯುತ್ತದೆ. ಬುತ್ತಿ ಇದ್ದವರು ಸಣ್ಣಪುಟ್ಟ ಕತ್ತಲಿಗೆ ಬೆದರುವುದಿಲ್ಲ.

ನಡುಹಗಲಿನ ಲೆಕ್ಕ

ಇನ್ನೊಂದು ತೊಡಕು ಋತುಮಾನದ್ದು. ಬೆಂಗಳೂರಿನಲ್ಲಿ ಜೂನ್‌ನ ಉದ್ದದ ಹಗಲಿಗೂ ಡಿಸೆಂಬರ್‌ನ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ನಾವು ಗಮನಿಸುವುದೇ ಕಡಿಮೆ. ಶಿಕಾಗೊದಲ್ಲಿ ಆ ವ್ಯತ್ಯಾಸ ಸುಮಾರು ಆರು ಗಂಟೆ. ಬೆಳಗಿಗೆ ಗಂಟುಬಿದ್ದ ಗಡಿಯಾರ ಬೇಸಗೆಯಲ್ಲಿ ಸಂಜೆಯನ್ನು ತಪ್ಪಿಸಿಕೊಳ್ಳುತ್ತದೆ, ಸಂಜೆಗೆ ಗಂಟುಬಿದ್ದದ್ದು ಬೆಳಗನ್ನು. ರಸ್ಟ್ ತಂಡ 2017ರಲ್ಲಿ ಬೇರೆಬೇರೆ ಉದ್ದದ ಹಗಲುಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡಿದಾಗ ಗಡಿಯಾರ ಎರಡಕ್ಕೂ ಗಂಟುಬಿದ್ದಿರಲಿಲ್ಲ. ಹಗಲು ಎರಡು ಗಂಟೆ ಉದ್ದವಾದರೆ ಅದು ಬೆಳಗಿನಿಂದ ಒಂದು ಗಂಟೆ ಮುಂದಕ್ಕೆ ಸರಿಯುತ್ತಿತ್ತು. ಅಂದರೆ ಅದು ಹಿಡಿದದ್ದು ನಡುಹಗಲನ್ನು. ಎಡಿಪಿಯನ್ನು ಬೇರೆಬೇರೆ ಅವಧಿಗೆ ಕೊಟ್ಟ ಪ್ರನಾಳದ ಗಡಿಯಾರವೂ ಹಾಗೇ ಮಾಡಿತು. ಬೆಳಗೂ ಸಂಜೆಯೂ ಮುಳ್ಳನ್ನು ಎರಡು ಕಡೆ ಜಗ್ಗುತ್ತವೆ, ಎರಡರ ಜಗ್ಗಾಟದಲ್ಲಿ ಅದು ನಡುವಿಗೆ ಬಂದು ನಿಲ್ಲುತ್ತದೆ. ಮಧ್ಯಾಹ್ನವನ್ನು ಅಳೆಯಲೆಂದೇ ಬೇರೆ ಪ್ರೋಟೀನು ಬೇಕಾಗಲಿಲ್ಲ.

ಹಗಲಿನ ಉದ್ದ ಗಡಿಯಾರದ ಲೆಕ್ಕಕ್ಕೆ ಸಿಗುತ್ತದೆ ಎಂದಾದರೆ ಚಳಿಗಾಲ ಬರುತ್ತಿರುವುದೂ ಸಿಗಬೇಕಲ್ಲ? 2024ರಲ್ಲಿ ಲೂಯಿಸಾ ಜಬ್ಬೂರ್ ಮತ್ತು ಕಾರ್ಲ್ ಜಾನ್ಸನ್ ಈ ಪ್ರಶ್ನೆಗೆ ಹೌದು ಎಂದರು. ದಿನಕ್ಕೆ ಎಂಟೇ ಗಂಟೆ ಬೆಳಕು ಕಂಡು ಕೆಲವು ದಿನ ಕಳೆದ ಸಿನೆಕೊಕಾಕಸ್, ಮಂಜುಗಡ್ಡೆಯ ತಣ್ಣೀರಿನಲ್ಲಿ ಇಟ್ಟಾಗ, ಉದ್ದ ಹಗಲು ಕಂಡವುಗಳಿಗಿಂತ ಎರಡು-ಮೂರು ಪಟ್ಟು ಹೆಚ್ಚು ಬದುಕುಳಿಯಿತು. ಕೈ ಜೀನುಗಳನ್ನು ತೆಗೆದರೆ ಈ ಮುಂಜಾಗ್ರತೆ ಇಲ್ಲ. ಗಮನಿಸಿ, ಗಂಟೆಗಳಲ್ಲೇ ಒಡೆದು ಎರಡಾಗುವ ಜೀವಿ ಇದು. ಹಗಲು ಗಿಡ್ಡವಾದದ್ದನ್ನು ಕಂಡ ಕೋಶ ಬೇರೆ, ಚಳಿಗೆ ಸಿಕ್ಕಿದ್ದು ಅದರ ಮೊಮ್ಮಕ್ಕಳ ಮೊಮ್ಮಕ್ಕಳು. ಲೆಕ್ಕ ಕೈ ಬದಲಾಗುತ್ತ ಬರುತ್ತದೆ, ಕಳೆದುಹೋಗುವುದಿಲ್ಲ. ಪಕ್ಕದವರನ್ನು ಕೇಳಿ ಸಮಯ ಸರಿಮಾಡಿಕೊಳ್ಳುವ ರೂಢಿಯೂ ಇವಕ್ಕಿಲ್ಲ. 2004ರಲ್ಲಿ ಒಂದೊಂದೇ ಕೋಶದ ಹೊಳಪನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದವರಿಗೆ ನೆರೆಹೊರೆಯ ಮಾತುಕತೆಯ ಸುಳಿವೇ ಸಿಗಲಿಲ್ಲ. ಪ್ರತಿ ವಂಶವೂ ತನ್ನ ಲೆಕ್ಕವನ್ನು ತಾನೇ ಕಾಯ್ದುಕೊಳ್ಳುತ್ತಿತ್ತು.

ಈ ಬಳಗದಲ್ಲೇ ಬೇರೆ ದಾರಿ ಹಿಡಿದ ಒಂದು ಸಾಗರದ ಸೋದರಿಯಿದೆ. ಹೆಸರು ಪ್ರೊಕ್ಲೊರೊಕಾಕಸ್. ಬೆಚ್ಚನೆಯ ಕಡಲುಗಳಲ್ಲಿ ಅಪಾರ ಸಂಖ್ಯೆಯಲ್ಲಿ ತೇಲುವ, ಜೀನುಗಳ ಗಂಟನ್ನು ಎಷ್ಟು ಸಾಧ್ಯವೋ ಅಷ್ಟು ಹಗುರ ಮಾಡಿಕೊಂಡಿರುವ ಜೀವಿ. ಹಗುರ ಮಾಡಿಕೊಳ್ಳುವ ಭರದಲ್ಲಿ ಅದು ಕೈ-ಎಯನ್ನೇ ಬಿಟ್ಟುಬಿಟ್ಟಿದೆ. ಕೈ-ಬಿ, ಕೈ-ಸಿ ಉಳಿದಿವೆ. ಹಗಲು ರಾತ್ರಿ ಇರುವವರೆಗೆ ಅದರ ತಾಳವೂ ಸರಿಯಾಗಿಯೇ ಇರುತ್ತದೆ. ಸದಾ ಬೆಳಕಿನಲ್ಲಿಟ್ಟರೆ ಮಾತ್ರ ತಾಳ ಬಲುಬೇಗ ಕರಗಿಹೋಗುತ್ತದೆ. ಹಿಂದೆ ಮದುವೆಮನೆಯಲ್ಲಿ ಮುಹೂರ್ತ ನೋಡಲು ಹರಿವಾಣದ ನೀರಿನಲ್ಲಿ ತೇಲಿಬಿಡುತ್ತಿದ್ದ ಗಳಿಗೆ ಬಟ್ಟಲು ನೆನಪಿರಬಹುದು: ತಳದ ಸಣ್ಣ ತೂತಿನಿಂದ ನೀರು ತುಂಬಿ ಮುಳುಗಿದರೆ ಒಂದು ಗಳಿಗೆ, 24 ನಿಮಿಷ. ಮುಳುಗಿದ್ದನ್ನು ಯಾರಾದರೂ ಎತ್ತಿ ನೀರು ಚೆಲ್ಲಿ ಮತ್ತೆ ತೇಲಿಬಿಡದಿದ್ದರೆ ಎರಡನೇ ಗಳಿಗೆ ಹುಟ್ಟುವುದಿಲ್ಲ. ಪ್ರೊಕ್ಲೊರೊಕಾಕಸ್‌ನದು ಅಂಥ ಬಟ್ಟಲು. ಅದನ್ನು ದಿನವೂ ಎತ್ತಿ ತೇಲಿಬಿಡುವುದು ಕಡಲ ಮೇಲಿನ ಬೆಳಗು.